ಹಳ್ಳಿಯ ನೆಲದಲ್ಲಿ ದೊಡ್ಡ ಇಗರ್ಜಿ: ಕಾಸರಗೋಡಿನಲ್ಲಿ ಜಾಗದ ಆಯ್ಕೆ ಮತ್ತು ಅನುಮತಿಗೆ ಸಮಗ್ರ ಮಾರ್ಗದರ್ಶಿ

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಹಳ್ಳಿಗಳಲ್ಲಿ ಹೊಸ ಇಗರ್ಜಿ (ಚರ್ಚು) ಕಟ್ಟುವ ಅಥವಾ ಹಳೆಯದನ್ನು ದೊಡ್ಡದು ಮಾಡುವ ಮಾತು ಬಂದಾಗ ಸಾಮಾನ್ಯವಾಗಿ ಮೊದಲು ಗೋಪುರದ ಎತ್ತರದ ಚರ್ಚೆಯಾಗುತ್ತದೆ, ಆಮೇಲೆ ದೇಣಿಗೆಯ ಚರ್ಚೆಯಾಗುತ್ತದೆ, ಜಾಗದ ದಾಖಲೆಯಲ್ಲಿ ಏನು ಬರೆದಿದೆ ಎಂಬ ಪ್ರಶ್ನೆ ಕಟ್ಟಕಡೆಗೆ ಏಳುತ್ತದೆ. ನಾನು ಕಾರ್ಯದರ್ಶಿಯಾಗಿದ್ದ ಕಟ್ಟಡ ಸಮಿತಿಯಲ್ಲೂ ಹೀಗೆಯೇ ಆಯಿತು. 1 ಎಕರೆ 80 ಸೆಂಟ್ಸ್ ಜಾಗಕ್ಕೆ ಮುಂಗಡ ಕೊಟ್ಟು, ನಕ್ಷೆ ಬರೆಸಿ, ಅದನ್ನು ಚೌಕಟ್ಟು ಹಾಕಿಸಿ ಇಗರ್ಜಿಯ ಬಾಗಿಲ ಪಕ್ಕದಲ್ಲಿ ತೂಗುಹಾಕಿದ ಮೇಲೆ ನಾವು ವಿಲೇಜ್ ಆಫೀಸಿಗೆ ಹೋದೆವು. ಮೂವತ್ತು ವರ್ಷದ ತೆಂಗಿನ ಮರಗಳು ನಿಂತಿದ್ದ ಆ ಜಾಗದ ಅರ್ಧ ಭಾಗ ರಿಜಿಸ್ಟರಿನಲ್ಲಿ ಇನ್ನೂ ಗದ್ದೆಯಾಗಿಯೇ ಇತ್ತು. ಅದನ್ನು ಸರಿಪಡಿಸಿಕೊಳ್ಳಲು 14 ತಿಂಗಳು ಹಿಡಿಯಿತು, ಅಷ್ಟು ಕಾಲ ಮುಂಗಡದ ಹಣ ಸುಮ್ಮನೆ ಬಿದ್ದಿತ್ತು. ಮುಂದೆ ಬರೆದಿರುವ ಹೆಜ್ಜೆಗಳ ಕ್ರಮ ಆ 14 ತಿಂಗಳಲ್ಲಿ ಕಲಿತದ್ದು.

ವಲಯ ನಕ್ಷೆ ಇಲ್ಲದ ಊರಿನಲ್ಲಿ

ನಗರಗಳಲ್ಲಿ ಮಾಸ್ಟರ್ ಪ್ಲಾನ್ ಇರುತ್ತದೆ. ಇದು ವಸತಿ ವಲಯ, ಇದು ವಾಣಿಜ್ಯ ವಲಯ, ಇಲ್ಲಿ ಆರಾಧನಾಲಯ ಕಟ್ಟಬಹುದು, ಅಲ್ಲಿ ಕಟ್ಟಬಾರದು ಎಂದು ಬಣ್ಣ ಹಚ್ಚಿದ ನಕ್ಷೆಯೇ ಹೇಳುತ್ತದೆ. 2016ರ ಕೇರಳ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ ಹಳ್ಳಿಗಳಿಗೂ ಅಂಥ ಯೋಜನೆ ಮಾಡಲು ಅವಕಾಶ ಕೊಟ್ಟಿದ್ದರೂ ಕಾಸರಗೋಡು ಜಿಲ್ಲೆಯ 38 ಗ್ರಾಮ ಪಂಚಾಯತುಗಳಲ್ಲಿ ಓಡಾಡುವವರಿಗೆ ದಿನನಿತ್ಯ ಎದುರಾಗುವುದು ಬಣ್ಣದ ನಕ್ಷೆಯಲ್ಲ, ಹಳೆಯ ಕಂದಾಯ ದಾಖಲೆಯ ಒಂದು ಕಾಲಂ. ಆ ಕಾಲಂನಲ್ಲಿ ನೆಲದ ಜಾತಿ ಏನೆಂದು ಬರೆದಿದೆಯೋ ಅದೇ ನಮ್ಮ ವಲಯ. ಅದರ ಮೇಲೆ 2008ರ ಭತ್ತದ ಗದ್ದೆ ಮತ್ತು ಜೌಗು ನೆಲ ಸಂರಕ್ಷಣಾ ಕಾಯ್ದೆ, 2019ರ ಕೇರಳ ಪಂಚಾಯತು ಕಟ್ಟಡ ನಿಯಮಗಳು, ಆರಾಧನಾಲಯಗಳಿಗೆ ಸಂಬಂಧಿಸಿದ ಪ್ರತ್ಯೇಕ ಅನುಮತಿ, ಈ ಮೂರೂ ಸೇರಿ ಎಲ್ಲಿ ಕಟ್ಟಬಹುದು, ಎಷ್ಟು ದೊಡ್ಡದು ಕಟ್ಟಬಹುದು ಎಂಬುದನ್ನು ನಿರ್ಧರಿಸುತ್ತವೆ. ನಿಮ್ಮ ಪಂಚಾಯತು ಪಟ್ಟಣಕ್ಕೆ ತಾಗಿಕೊಂಡಿದ್ದರೆ ಮಾತ್ರ ಪ್ರಕಟವಾದ ಯಾವುದಾದರೂ ಯೋಜನೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾ ನಗರ ಯೋಜನಾ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಲಿಖಿತವಾಗಿ ಪಡೆಯಿರಿ.

ಸಮಿತಿಯ ಸಭೆಗಳಲ್ಲಿ ಆಗಾಗ ಕೇಳಿಬರುವ ಒಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ನಿವಾರಿಸಬೇಕು. ಧರ್ಮಸ್ವಾತಂತ್ರ್ಯ ಇರುವುದರಿಂದ ಇಗರ್ಜಿಗೆ ಭೂ ಕಾನೂನು ಅಡ್ಡಿಯಾಗಬಾರದು ಎಂಬ ವಾದ ನಿಲ್ಲುವುದಿಲ್ಲ. ಸಂವಿಧಾನದ 26ನೇ ವಿಧಿಯು ಧಾರ್ಮಿಕ ಪಂಗಡಗಳಿಗೆ ಆಸ್ತಿ ಹೊಂದುವ ಹಕ್ಕು ಕೊಡುತ್ತದೆ, ಆದರೆ ಆ ಆಸ್ತಿಯ ಆಡಳಿತ ಕಾನೂನಿಗೆ ಅನುಸಾರವಾಗಿ ನಡೆಯಬೇಕೆಂದೂ ಅದೇ ವಿಧಿ ಹೇಳುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಭೂಬಳಕೆಯ ನಿಯಮಗಳಿಂದ ಆರಾಧನಾಲಯಗಳಿಗೆ ವಿಶೇಷ ರಕ್ಷಣೆ ಕೊಡುವ ಕಾಯ್ದೆಯೊಂದು 2000ದಲ್ಲಿ ಬಂತು. ಕೊಲೊರಾಡೊದ ಬೌಲ್ಡರ್ ಕೌಂಟಿಯ ಗ್ರಾಮೀಣ ಪ್ರದೇಶದಲ್ಲಿ ವಿಸ್ತರಣೆಗೆ ಅನುಮತಿ ಸಿಗದ ದೊಡ್ಡ ಇಗರ್ಜಿಯೊಂದು ಆ ಕಾಯ್ದೆಯಡಿ ಮೊಕದ್ದಮೆ ಹೂಡಿ 2010ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಗೆದ್ದಿತು. ಹತ್ತಿರದ ಶಾಲೆಯೊಂದಕ್ಕೆ ವಿಸ್ತರಣೆಯ ಅನುಮತಿ ಕೊಟ್ಟಿದ್ದ ಆಡಳಿತ ಇಗರ್ಜಿಗೆ ನಿರಾಕರಿಸಿದ್ದು ಆ ತೀರ್ಪಿನಲ್ಲಿ ಮುಖ್ಯವಾಯಿತು. ವಿದೇಶದಲ್ಲಿರುವ ನಮ್ಮ ಊರಿನವರು ಇಂಥ ಸುದ್ದಿ ಓದಿ ಇಲ್ಲಿಯೂ ಹಾಗೆಯೇ ಎಂದುಕೊಳ್ಳುತ್ತಾರೆ. ನಮ್ಮಲ್ಲಿ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಸಮಾನವಾಗಿ ನಡೆಸಿಕೊಳ್ಳಬೇಕೆಂಬ ವಾದ ಮಾತ್ರ ಇಲ್ಲಿಯೂ ಸಲ್ಲುತ್ತದೆ, ಆದ್ದರಿಂದ ಪಕ್ಕದಲ್ಲೇ ಅದೇ ಬಗೆಯ ನೆಲದಲ್ಲಿ ಸಭಾಭವನಕ್ಕೋ ಶಾಲೆಗೋ ಅನುಮತಿ ಸಿಕ್ಕಿದ್ದರೆ ಅದರ ವಿವರವನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ತರಿಸಿ ಇಟ್ಟುಕೊಳ್ಳಿ.

ಹೆಜ್ಜೆ 1: ಮೊದಲು ಲೆಕ್ಕ, ಆಮೇಲೆ ಜಾಗ

ಎಷ್ಟು ದೊಡ್ಡ ಇಗರ್ಜಿ ಬೇಕು ಎಂಬುದನ್ನು ವಾರ್ಷಿಕ ಹಬ್ಬದ ಜನಸಂದಣಿ ನೋಡಿ ನಿರ್ಧರಿಸಬೇಡಿ. ಹಬ್ಬದ ದಿನ ಚಪ್ಪರ ಹಾಕಬಹುದು. ನಾಲ್ಕು ಸಾಮಾನ್ಯ ಭಾನುವಾರಗಳಲ್ಲಿ ಪೂಜೆಗೆ ಬಂದವರನ್ನು ವಾಳೆಯ (ಇಗರ್ಜಿಯ ವಾರ್ಡಿನ) ಗುರಿಕಾರರಿಂದ ಎಣಿಸಿಸಿ, ಬಂದ ವಾಹನಗಳನ್ನೂ ಬೇರೆಯಾಗಿ ಬರೆದಿಡಿಸಿ. ಈ ಕಾಗದ ಮುಂದೆ ಪಂಚಾಯತಿನಲ್ಲೂ ನೆರೆಮನೆಯವರ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಒಂದು ಉದಾಹರಣೆ ನೋಡೋಣ. ಒಂದು ಪೂಜೆಗೆ 600 ಮಂದಿ ಸೇರುತ್ತಾರೆ ಎಂದಿಟ್ಟುಕೊಳ್ಳಿ. ಅವರಲ್ಲಿ ಅರ್ಧದಷ್ಟು ಮಂದಿ ಕಾರಿನಲ್ಲಿ, ಒಂದು ಕಾರಿಗೆ ಮೂವರಂತೆ ಬಂದರೆ 100 ಕಾರುಗಳಾಗುತ್ತವೆ. ಕಾರು ನಿಲ್ಲುವ ಜಾಗಕ್ಕೆ ತಿರುಗುವ ದಾರಿಯನ್ನೂ ಸೇರಿಸಿ ಒಂದಕ್ಕೆ ಸುಮಾರು 25 ಚದರ ಮೀಟರ್ ಹಿಡಿದರೆ 2,500 ಚದರ ಮೀಟರ್, ಅಂದರೆ ಹತ್ತಿರಹತ್ತಿರ 62 ಸೆಂಟ್ಸ್ ಆಗುತ್ತದೆ. ಇಗರ್ಜಿಯ ಕಟ್ಟಡ 800 ಚದರ ಮೀಟರ್ ಆದರೂ ಅದು 20 ಸೆಂಟ್ಸ್ ಮಾತ್ರ. ಹಳ್ಳಿಯಲ್ಲಿ ದೊಡ್ಡ ಇಗರ್ಜಿಗೆ ಬೇಕಾಗುವ ನೆಲದ ಬಹುಭಾಗವನ್ನು ಕಟ್ಟಡವಲ್ಲ, ವಾಹನಗಳು ತಿನ್ನುತ್ತವೆ. ಇದನ್ನು ತಿಳಿಯದೆ 40 ಸೆಂಟ್ಸ್ ಜಾಗ ಕೊಂಡು, ಆಮೇಲೆ ಪಂಚಾಯತು ರಸ್ತೆಯ ಎರಡೂ ಬದಿಗಳಲ್ಲಿ ಕಾರು ನಿಲ್ಲಿಸಿ ಊರಿನವರ ಸಿಟ್ಟಿಗೆ ಗುರಿಯಾದ ಸಮಿತಿಗಳನ್ನು ನಾನು ಕಂಡಿದ್ದೇನೆ. ಕಟ್ಟಡ ನಿಯಮಗಳಲ್ಲಿ ಪಾರ್ಕಿಂಗಿಗೆ ಕೋಷ್ಟಕವೇ ಇದೆ. ಅದು ಕನಿಷ್ಠವನ್ನು ಹೇಳುತ್ತದೆ, ನಿಮ್ಮ ಎಣಿಕೆ ಅದಕ್ಕಿಂತ ಹೆಚ್ಚು ಬಂದರೆ ಎಣಿಕೆಯನ್ನೇ ನಂಬಿ.

ಹೆಜ್ಜೆ 2: ಜಾಗದ ದಾಖಲೆ ಓದುವುದು

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುತ್ತೇನೆ ಎನ್ನುವವರು ಇದನ್ನು ಓದಲಿ. ಮುಂಗಡ ಕೊಡುವ ಮೊದಲು ಐದು ಕಾಗದಗಳು ಕೈಗೆ ಬರಬೇಕು: ಮೂಲ ಆಧಾರ (ಜಾಗದ ಹಕ್ಕುಪತ್ರ) ಮತ್ತು ಅದರ ಹಿಂದಿನ ಆಧಾರಗಳು, ಆ ವರ್ಷದ ತೀರುವೆ (ಭೂತೆರಿಗೆ) ರಶೀದಿ, ಋಣಭಾರ ಪ್ರಮಾಣಪತ್ರ, ವಿಲೇಜ್ ಆಫೀಸಿನ ಮೂಲ ತೆರಿಗೆ ರಿಜಿಸ್ಟರಿನ ಪ್ರತಿ, ಹಾಗೂ ಕೃಷಿ ಭವನದಲ್ಲಿರುವ ಡೇಟಾ ಬ್ಯಾಂಕಿನಲ್ಲಿ (ಭತ್ತದ ಗದ್ದೆ, ಜೌಗು ನೆಲಗಳ ಪಟ್ಟಿಯಲ್ಲಿ) ಆ ಸರ್ವೆ ನಂಬರ್ ಇದೆಯೇ ಇಲ್ಲವೇ ಎಂಬುದರ ದೃಢೀಕರಣ. ಮೊದಲ ಮೂರನ್ನು ಮಾರುವವರೇ ತಂದು ತೋರಿಸುತ್ತಾರೆ. ಕೊನೆಯ ಎರಡನ್ನು ನೀವೇ ಹೋಗಿ ತರಬೇಕು.

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆದ್ದರಿಂದ ನಮ್ಮ ಹಳೆಯ ದಾಖಲೆಗಳ ಭಾಷೆ ಕನ್ನಡ, ನೆಲದ ವಿಂಗಡಣೆ ನಂಜ (ಗದ್ದೆ), ಪುಂಜ (ಒಣ ನೆಲ), ಬಾಗಾಯ್ತು (ತೋಟ). ನಂಜದ ಒಳಗೂ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಗಳಿವೆ: ತೋಡಿನ ಬದಿಯ ತಗ್ಗಿನ ಬೈಲಿನಲ್ಲಿ ಎರಡು ಮೂರು ಬೆಳೆ, ಮಜಲಿನಲ್ಲಿ ಎರಡು, ಮೇಲಿನ ಬೆಟ್ಟು ಗದ್ದೆಯಲ್ಲಿ ಮಳೆಗಾಲದ ಒಂದೇ ಬೆಳೆ. ಇಂದಿನ ಮಲಯಾಳಂ ದಾಖಲೆಯಲ್ಲಿ ಈ ಮೂರೂ ‘ನಿಲಂ’ ಎಂಬ ಒಂದೇ ಪದದೊಳಗೆ ಸೇರಿಹೋಗುತ್ತವೆ, ಮನೆ ತೋಟದ ನೆಲ ‘ಪುರಯಿಡಂ’ ಆಗುತ್ತದೆ. ನಾವು ಕೊಳ್ಳಹೊರಟ ಜಾಗದ ಹಳೆಯ ಆಧಾರದಲ್ಲಿ ‘ಬೆಟ್ಟು’ ಎಂದು ಕಂದುಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ, ಕನ್ನಡದ ಮೋಡಿ ಅಕ್ಷರದಲ್ಲಿ ಬರೆದಿತ್ತು. ಅದೇ ತುಂಡು ಹೊಸ ರಿಜಿಸ್ಟರಿನಲ್ಲಿ ‘ನಿಲಂ’ ಆಗಿತ್ತು. ಬೆಟ್ಟು ಎಂದರೆ ಗುಡ್ಡದ ಮೇಲಿನ ಒಣ ನೆಲ ಎಂದು ಸಮಿತಿಯ ಯುವಕರು ತಿಳಿದಿದ್ದರು. ಅದು ಗದ್ದೆಯ ಹೆಸರೆಂದು ವಿವರಿಸಿದವರು ಎಂಬತ್ತು ದಾಟಿದ ನೆರೆಯ ಕೃಷಿಕರು. ಹಳೆಯ ಆಧಾರ ಓದಬಲ್ಲ ಇಂಥ ಹಿರಿಯರೊಬ್ಬರನ್ನು ಹುಡುಕಿ, ಅವರ ಜೊತೆ ಕುಳಿತು ಪ್ರತಿ ಸಾಲನ್ನೂ ಓದಿಸಿ.

ಸರ್ವೆ ನಂಬರ್ ಬದಲಾಗಿರುವ ಸಾಧ್ಯತೆಯನ್ನೂ ನೋಡಿ. ಕೇರಳದ ಡಿಜಿಟಲ್ ಮರುಸರ್ವೆಯ ದಾಖಲೆಗಳನ್ನು ಒಟ್ಟುಗೂಡಿಸುವ ‘ಎಂಟೆ ಭೂಮಿ’ ಪೋರ್ಟಲ್ 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದೇ ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ವಿಲೇಜಿನಲ್ಲಿ. ಮರುಸರ್ವೆ ಮುಗಿದ ಕಡೆ ಹಳೆಯ ಆಧಾರದ ವಿಸ್ತೀರ್ಣಕ್ಕೂ ಹೊಸ ದಾಖಲೆಗೂ ಕೆಲವು ಸೆಂಟ್ಸ್ ವ್ಯತ್ಯಾಸ ಬರಬಹುದು, ಡೇಟಾ ಬ್ಯಾಂಕಿನಲ್ಲಿ ಹಳೆಯ ನಂಬರೇ ಉಳಿದಿರಬಹುದು. ಎರಡೂ ನಂಬರುಗಳಲ್ಲಿ ಹುಡುಕಿಸಿ.

ಇನ್ನು ಮೂರು ಬಗೆಯ ಜಾಗಗಳ ಬಗ್ಗೆ ಎಚ್ಚರ ಬೇಕು. ಸರ್ಕಾರ ಕೃಷಿಗೆ ಅಥವಾ ಮನೆ ಕಟ್ಟಲು ಪಟ್ಟೆ ಕೊಟ್ಟ ಭೂಮಿಗೆ ಅದರದೇ ಷರತ್ತುಗಳಿರುತ್ತವೆ, ಪಟ್ಟೆಯ ಹಿಂಬದಿಯಲ್ಲಿ ಅಚ್ಚಾದ ಷರತ್ತುಗಳನ್ನು ಓದದೆ ಕೊಳ್ಳಬೇಡಿ. ವೆಳ್ಳರಿಕುಂಡು ಕಡೆಯ ರಬ್ಬರ್ ತೋಟಗಳ ವಿಷಯದಲ್ಲಿ, ತೋಟವೆಂಬ ಕಾರಣಕ್ಕೆ 1963ರ ಭೂಸುಧಾರಣಾ ಕಾಯ್ದೆಯ ಮಿತಿಯಿಂದ ವಿನಾಯಿತಿ ಪಡೆದ ಭೂಮಿಯನ್ನು ತುಂಡು ಮಾಡಿ ಬೇರೆ ಉಪಯೋಗಕ್ಕೆ ತಂದರೆ ಆ ವಿನಾಯಿತಿಯೇ ಪ್ರಶ್ನೆಗೊಳಗಾಗುತ್ತದೆ. ಆರಾಧನಾಲಯ ಮತ್ತು ಸ್ಮಶಾನಗಳ ನಿವೇಶನಕ್ಕೆ ಅದೇ ಕಾಯ್ದೆಯ 81ನೇ ಕಲಮಿನಲ್ಲಿ ಪ್ರತ್ಯೇಕ ವಿನಾಯಿತಿ ಇದೆ ಎಂಬುದು ನಿಜ, ಆದರೆ ಅದು ಸುತ್ತಲಿನ ತೋಟಕ್ಕೆ ಸಲ್ಲುವುದಿಲ್ಲ. ಮೂರನೆಯದು ಕುಮ್ಕಿ ಮತ್ತು ಪೊರಂಬೋಕು. ವರ್ಗ ಜಾಗದ (ಸ್ವಂತ ಹಕ್ಕಿನ ಜಾಗದ) ಜೊತೆ ಅದಕ್ಕೆ ತಾಗಿದ ಕುಮ್ಕಿಯನ್ನೂ ಬೇಲಿ ಹಾಕಿ ಅನುಭವಿಸುತ್ತ ಬಂದವರು ಅದನ್ನೂ ಸೇರಿಸಿ ತೋರಿಸುತ್ತಾರೆ, ಆದರೆ ಕುಮ್ಕಿ ಸರ್ಕಾರಿ ಭೂಮಿ, ಅದರ ಮೇಲೆ ಕಟ್ಟಡದ ಒಂದು ಮೂಲೆಯೂ ಬರಬಾರದು. ಸಾರ್ವಜನಿಕ ರಸ್ತೆ, ಉದ್ಯಾನ ಮತ್ತು ಸಾರ್ವಜನಿಕ ಜಾಗಗಳಲ್ಲಿ ದೇವಸ್ಥಾನ, ಇಗರ್ಜಿ, ಮಸೀದಿ, ಗುರುದ್ವಾರಗಳ ಹೆಸರಿನಲ್ಲಿ ಅನಧಿಕೃತ ನಿರ್ಮಾಣಕ್ಕೆ ಅವಕಾಶ ಕೊಡಬಾರದೆಂದು ಸುಪ್ರೀಂ ಕೋರ್ಟ್ 2009ರ ಸೆಪ್ಟೆಂಬರ್ 29ರಂದು ಆದೇಶಿಸಿದೆ. ರಸ್ತೆ ಬದಿಯ ಶಿಲುಬೆ ಅಥವಾ ಗ್ರೊಟ್ಟೊ ಕಟ್ಟುವಾಗಲೂ ಈ ಆದೇಶ ನೆನಪಿರಲಿ.

ಹೆಜ್ಜೆ 3: ಡೇಟಾ ಬ್ಯಾಂಕಿನಲ್ಲಿ ನಂಬರ್ ಇದ್ದರೆ

2008ರ ಕಾಯ್ದೆ ಜಾರಿಗೆ ಬಂದದ್ದು ಆ ವರ್ಷದ ಆಗಸ್ಟ್ 12ರಂದು. ಅಂದು ಆ ನೆಲ ಭತ್ತ ಬೆಳೆಯುತ್ತಿತ್ತೇ, ಅಥವಾ ಹಡಿಲು ಬಿದ್ದಿದ್ದರೂ ಭತ್ತಕ್ಕೆ ಯೋಗ್ಯವಾಗಿತ್ತೇ ಎಂಬುದೇ ಮೂಲ ಪ್ರಶ್ನೆ. ಪಂಚಾಯತು ಅಧ್ಯಕ್ಷರ ನೇತೃತ್ವದ ಸ್ಥಳೀಯ ಮೇಲ್ವಿಚಾರಣಾ ಸಮಿತಿ, ಕೃಷಿ ಅಧಿಕಾರಿ ಸಂಚಾಲಕರಾಗಿ, ಈ ನೆಲಗಳ ಪಟ್ಟಿಯನ್ನು ಮಾಡಿದೆ. ಅದಕ್ಕಿಂತ ಎಷ್ಟೋ ಮೊದಲೇ ಅಡಿಕೆ ತೋಟವಾಗಿದ್ದ ನೆಲವೂ ಕೆಲವೊಮ್ಮೆ ಅದರಲ್ಲಿ ಸೇರಿಹೋಗಿದೆ.

ನಿಮ್ಮ ನೆಲ ತಪ್ಪಾಗಿ ಸೇರಿದ್ದರೆ ಕಂದಾಯ ಇಲಾಖೆಯ ಪೋರ್ಟಲ್ ಮೂಲಕ ಫಾರಂ 5ರಲ್ಲಿ ಅರ್ಜಿ ಹಾಕಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಿಗೆ ಕಾಸರಗೋಡಿನ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಕಚೇರಿ, ಹೊಸದುರ್ಗ, ವೆಳ್ಳರಿಕುಂಡಿಗೆ ಕಾಞಂಗಾಡಿನ ಕಚೇರಿ. ಈಗ ಅಧಿಕಾರ ಪಡೆದ ಡೆಪ್ಯುಟಿ ಕಲೆಕ್ಟರುಗಳೂ ಈ ಅರ್ಜಿಗಳನ್ನು ತೀರ್ಮಾನಿಸುತ್ತಾರೆ. ಅರ್ಜಿಯ ಜೊತೆ 2008ಕ್ಕೆ ಹಿಂದಿನ ಸಾಕ್ಷ್ಯ ಬೇಕು: ತೋಟಕ್ಕೆ ಪಡೆದ ವಿದ್ಯುತ್ ಸಂಪರ್ಕದ ಬಿಲ್ಲು, ಬ್ಯಾಂಕಿನ ಕೃಷಿ ಸಾಲದ ಕಾಗದ, ಮರಗಳ ವಯಸ್ಸು ಕಾಣುವ ಫೋಟೋಗಳು. ಇವುಗಳಿಗಿಂತ ಬಲವಾದದ್ದು ಕೇರಳ ರಾಜ್ಯ ದೂರಸಂವೇದಿ ಮತ್ತು ಪರಿಸರ ಕೇಂದ್ರದ ಉಪಗ್ರಹ ಚಿತ್ರಗಳ ವರದಿ. ಶುಲ್ಕ ಕಟ್ಟಿ ಅದನ್ನು ತರಿಸುವಂತೆ ನೀವೇ ಕೋರಿಕೆ ಸಲ್ಲಿಸಿ. ಸ್ಥಳಕ್ಕೆ ಬಾರದೆ, ಉಪಗ್ರಹ ಚಿತ್ರವನ್ನೂ ನೋಡದೆ ಅರ್ಜಿಯನ್ನು ತಿರಸ್ಕರಿಸಿದ ಆದೇಶಗಳನ್ನು ಕೇರಳ ಹೈಕೋರ್ಟ್ ಹಲವು ಬಾರಿ ರದ್ದುಪಡಿಸಿ ಮರುಪರಿಶೀಲನೆಗೆ ಕಳುಹಿಸಿದೆ.

ಡೇಟಾ ಬ್ಯಾಂಕಿನಿಂದ ಹೊರಬಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಏಕೆಂದರೆ ತೆರಿಗೆ ರಿಜಿಸ್ಟರಿನಲ್ಲಿ ಅದು ಇನ್ನೂ ನಿಲಂ ಆಗಿಯೇ ಇರುತ್ತದೆ. ಅದಕ್ಕೆ 27ಎ ಕಲಮಿನಡಿ ಎರಡನೇ ಅರ್ಜಿ: 20.23 ಆರ್, ಅಂದರೆ 50 ಸೆಂಟ್ಸ್‌ವರೆಗೆ ಫಾರಂ 6, ಅದಕ್ಕಿಂತ ಹೆಚ್ಚಿದ್ದರೆ ಫಾರಂ 7. 1967ರ ಜುಲೈ 4ಕ್ಕೆ ಮೊದಲೇ ಪರಿವರ್ತನೆಯಾಗಿದ್ದ ನೆಲಕ್ಕೆ ಫಾರಂ 9 ಬೇರೆಯೇ ಇದೆ. ಶುಲ್ಕವನ್ನು ಸರ್ಕಾರ ನೆಲಕ್ಕೆ ನಿಗದಿಪಡಿಸಿದ ನ್ಯಾಯಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. 25 ಸೆಂಟ್ಸ್ ಮೀರಿ 1 ಎಕರೆಯವರೆಗೆ 10%, ಅದಕ್ಕೂ ಮೀರಿದರೆ 20%. 25 ಸೆಂಟ್ಸ್‌ವರೆಗಿನ ಶುಲ್ಕ ವಿನಾಯಿತಿಯ ಆಸೆಯಿಂದ ಜಾಗವನ್ನು ಈಗ ತುಂಡು ಮಾಡಿ ಬೇರೆ ಬೇರೆ ಹೆಸರಿಗೆ ಬರೆಸಿದರೆ ಪ್ರಯೋಜನವಿಲ್ಲ, 2017ರ ಡಿಸೆಂಬರ್ 30ರಂದು ಇದ್ದ ಸ್ಥಿತಿಯನ್ನೇ ನೋಡುತ್ತಾರೆ. 50 ಸೆಂಟ್ಸ್ ಮೀರಿದ ಜಾಗದಲ್ಲಿ ಹತ್ತನೇ ಒಂದು ಭಾಗವನ್ನು ನೀರಿನ ಸಂರಕ್ಷಣೆಗೆ ಮೀಸಲಿಡಬೇಕು. ಈ ಭಾಗವನ್ನು ನಕ್ಷೆಯಲ್ಲಿ ಮೊದಲೇ ಗುರುತಿಸಿ, ಅಲ್ಲಿ ಇಂಗುಗುಂಡಿಯನ್ನೋ ಕೆರೆಯನ್ನೋ ತೋರಿಸಿ, ಕಾರು ನಿಲ್ಲಿಸಲು ಲೆಕ್ಕ ಹಾಕಬೇಡಿ.

ನೆಲ ನಿಜವಾಗಿಯೂ ಬೈಲಾಗಿದ್ದರೆ, ಇಂದಿಗೂ ನೇಜಿ ನೆಡುತ್ತಿದ್ದರೆ, ಅದನ್ನು ಬಿಟ್ಟುಬಿಡಿ. ಕಾಯ್ದೆಯಲ್ಲಿ ಸಾರ್ವಜನಿಕ ಉದ್ದೇಶಕ್ಕೆ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ, ಆ ಪದದ ಅರ್ಥ ಸರ್ಕಾರ ಮತ್ತು ಸರ್ಕಾರಿ ಸಂಸ್ಥೆಗಳ ಯೋಜನೆಗಳಿಗೆ ಸಂಬಂಧಿಸಿದ್ದು ಎಂಬುದನ್ನು ತಿಳಿಸಿ. ಕಾನೂನಿನ ಮಾತು ಹಾಗಿರಲಿ, ಗದ್ದೆ ತುಂಬಿಸಿ ಕಟ್ಟಿದ ಇಗರ್ಜಿಯಲ್ಲಿ ಸೆಪ್ಟೆಂಬರ್ 8ರಂದು ತೆನೆಹಬ್ಬಕ್ಕೆ ಹೊಸ ಭತ್ತದ ತೆನೆ ಆಶೀರ್ವದಿಸುವುದಾದರೂ ಹೇಗೆ ಎಂದು ನಾನು ನಮ್ಮ ಸಭೆಯಲ್ಲಿ ಕೇಳಿದ್ದೆ. ನಾವು ಕೊನೆಗೆ ನಕ್ಷೆಯನ್ನು ತಿರುಗಿಸಿ ಇಗರ್ಜಿಯನ್ನು ಮೇಲಿನ ತೋಟದ ಭಾಗಕ್ಕೆ ಸರಿಸಿದೆವು.

ಹೆಜ್ಜೆ 4: ನೀರು ಮತ್ತು ಗುಡ್ಡ

ಗದ್ದೆ ಬಿಟ್ಟು ಮೇಲೆ ಹೋದರೆ ಸಿಗುವುದು ಮುರಕಲ್ಲಿನ ಪಾರೆ ಅಥವಾ ಗುಡ್ಡದ ಇಳಿಜಾರು. ಅನುಮತಿಯ ದೃಷ್ಟಿಯಿಂದ ಇದು ಸುಲಭ, ನೀರಿನ ದೃಷ್ಟಿಯಿಂದ ಸುಲಭವಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. 1,000 ಚದರ ಮೀಟರ್ ಮಾಡಿನ ಮೇಲೆ ಅಷ್ಟು ಮಳೆ ಬಿದ್ದರೆ 35 ಲಕ್ಷ ಲೀಟರ್ ನೀರು. ಆಟಿ ತಿಂಗಳಲ್ಲಿ ಒಂದೇ ಗಂಟೆ 50 ಮಿಲಿಮೀಟರ್ ಸುರಿದರೆ ಮಾಡಿನಿಂದ 50,000 ಲೀಟರ್, ಇಂಟರ್‌ಲಾಕ್ ಹಾಸಿದ 2,500 ಚದರ ಮೀಟರ್ ಅಂಗಳದಿಂದ ಇನ್ನೂ ಒಂದು ಲಕ್ಷಕ್ಕಿಂತ ಹೆಚ್ಚು ಲೀಟರ್ ಇಳಿದು ಹೋಗುತ್ತದೆ. ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೀವು ತೋರಿಸಬೇಕು. ನಮ್ಮ ಕೆಳಗಿನ ತೋಟದವರು ಮೊದಲ ಭೇಟಿಯಲ್ಲೇ ಹೇಳಿದ್ದು ಇಷ್ಟೇ: “ನಿಮ್ಮ ಪ್ರಾರ್ಥನೆಗೆ ನನ್ನದೇನೂ ಅಡ್ಡಿ ಇಲ್ಲ ಮಾರಾಯರೆ, ನಿಮ್ಮ ಮಾಡಿನ ನೀರು ನನ್ನ ಅಡಿಕೆ ಬುಡಕ್ಕೆ ಬೀಳಬಾರದು.”

ಆದ್ದರಿಂದ ಮಳೆಗಾಲದಲ್ಲಿ, ಜೋರು ಮಳೆ ಬರುತ್ತಿರುವಾಗಲೇ, ಕೊಡೆ ಹಿಡಿದು ಜಾಗದ ಸುತ್ತ ನಡೆಯಿರಿ. ಸಹಜವಾದ ಕಣಿ ಎಲ್ಲಿದೆ, ತೋಡು ಎಲ್ಲಿದೆ, ಪಾರೆಯ ಮೇಲೆ ನೀರು ನಿಲ್ಲುವ ಪಳ್ಳ ಇದೆಯೇ ನೋಡಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆಗಳಲ್ಲಿ ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗಗಳೇ ಅನೇಕ ಮನೆಗಳಿಗೆ ಕುಡಿಯುವ ನೀರು ಕೊಡುತ್ತವೆ. ಮೇಲೆ ಮುರಕಲ್ಲು ಕಡಿದು ಸಮತಟ್ಟು ಮಾಡಿದರೆ ಅಥವಾ ಅಲ್ಲೇ ಶೌಚಗುಂಡಿ ತೋಡಿದರೆ ಕೆಳಗಿನ ಸುರಂಗ ಬತ್ತಬಹುದು, ಕೊಳಕಾಗಬಹುದು. ಬಾವಿಗೂ ಶೌಚದ ಇಂಗುಗುಂಡಿಗೂ ನಿಯಮ ಹೇಳುವ ಕನಿಷ್ಠ ಅಂತರ 7.5 ಮೀಟರ್. ತೂತುತೂತಾದ ಮುರಕಲ್ಲಿನಲ್ಲಿ, ನೂರಾರು ಮಂದಿ ಬಳಸುವ ಶೌಚಾಲಯಕ್ಕೆ, ಇದು ತೀರಾ ಕಡಿಮೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇಳಿಜಾರಿನ ಕೆಳಗಿರುವ ಪ್ರತಿಯೊಂದು ಬಾವಿ ಮತ್ತು ಸುರಂಗವನ್ನು ಸೈಟ್ ಪ್ಲಾನಿನಲ್ಲಿ ಗುರುತಿಸಿ, ಶೌಚಗುಂಡಿಯನ್ನು ಅವುಗಳಿಗೆ ವಿರುದ್ಧ ದಿಕ್ಕಿನಲ್ಲಿಡಿ. ಕಡಿದ ಮಣ್ಣನ್ನು ಜಾಗದಿಂದ ಹೊರಗೆ ಸಾಗಿಸುವುದಾದರೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ನಿಯಮಗಳು ಅನ್ವಯಿಸುತ್ತವೆ, ಗುತ್ತಿಗೆದಾರ ನೋಡಿಕೊಳ್ಳುತ್ತಾನೆಂದು ಸುಮ್ಮನಿರಬೇಡಿ.

ಕಡಲ ಬದಿಯಲ್ಲಿ ಅಥವಾ ಉಪ್ಪುನೀರು ಏರುವ ಹೊಳೆಯ ದಡದಲ್ಲಿ ಜಾಗವಿದ್ದರೆ ಕರಾವಳಿ ನಿಯಂತ್ರಣ ವಲಯದ ನಕ್ಷೆಯನ್ನು ಎಲ್ಲಕ್ಕಿಂತ ಮೊದಲು ನೋಡಿ.

ಹೆಜ್ಜೆ 5: ರಸ್ತೆ

ಕಟ್ಟಡದ ವಿಸ್ತೀರ್ಣ ಹೆಚ್ಚಿದಂತೆ ಅದಕ್ಕೆ ಬರುವ ದಾರಿಯ ಅಗಲವೂ ಹೆಚ್ಚಿರಬೇಕೆಂದು ಕಟ್ಟಡ ನಿಯಮಗಳು ಹೇಳುತ್ತವೆ. ಆಧಾರದಲ್ಲಿ ಬರೆದ ಅಗಲವನ್ನು ನಂಬದೆ ಅತಿ ಕಿರಿದಾದ ತಿರುವಿನಲ್ಲಿ ಟೇಪು ಹಿಡಿದು ಅಳೆಯಿರಿ. ನೆರೆಯವರ ಜಾಗದ ಮೂಲಕ ದಾರಿ ಬರುವುದಾದರೆ ಬಾಯಿಮಾತು ಸಾಲದು, ನೋಂದಾಯಿತ ಕಾಗದ ಬೇಕು. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಮತ್ತು ಅಧಿಸೂಚಿತ ರಸ್ತೆಗಳ ಗಡಿಯಿಂದ 3 ಮೀಟರ್ ಒಳಗೆ ಕಟ್ಟಬಾರದೆಂದು ಕೇರಳ ಪಂಚಾಯತ್ ರಾಜ್ ಕಾಯ್ದೆಯ 220ನೇ ಕಲಮು ಹೇಳುತ್ತದೆ. ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿಯ ಬದಿಯ ಜಾಗಕ್ಕೆ ಲೋಕೋಪಯೋಗಿ ಇಲಾಖೆಯನ್ನೂ, 66ನೇ ರಾಷ್ಟ್ರೀಯ ಹೆದ್ದಾರಿಯ ಬದಿಗೆ ಹೆದ್ದಾರಿ ಪ್ರಾಧಿಕಾರವನ್ನೂ ಪ್ರವೇಶದ ಅನುಮತಿಗಾಗಿ ಕೇಳಬೇಕು. ಎರಡು ಪೂಜೆಗಳ ನಡುವೆ ಅರ್ಧ ಗಂಟೆ ಬಿಡುವು ಇಟ್ಟರೆ ಹೋಗುವ ಕಾರು ಬರುವ ಕಾರಿಗೆ ಎದುರಾಗುವುದಿಲ್ಲ, ಈ ವೇಳಾಪಟ್ಟಿಯನ್ನೇ ಅರ್ಜಿಯ ಜೊತೆ ಕೊಡಬಹುದು.

ಹೆಜ್ಜೆ 6: ನೆರೆಹೊರೆ ಮತ್ತು ಆರಾಧನಾಲಯದ ಅನುಮತಿ

ಆರಾಧನಾಲಯ ಕಟ್ಟಲು ಹಿಂದೆ ಜಿಲ್ಲಾ ಕಲೆಕ್ಟರರ ಪೂರ್ವಾನುಮತಿ ಬೇಕಿತ್ತು. ಆ ಅಧಿಕಾರವನ್ನು ಸ್ಥಳೀಯಾಡಳಿತ ಸಂಸ್ಥೆಗಳಿಗೆ ವಹಿಸಲು ರಾಜ್ಯ ಸರ್ಕಾರ 2021ರ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಹಾಗೆಂದು ಕಲೆಕ್ಟರ್ ಮತ್ತು ಪೊಲೀಸ್ ವರದಿಯ ಮಾತು ಮುಗಿಯಿತೆಂದು ತಿಳಿಯಬಾರದು. ಆಕ್ಷೇಪಣೆ ಬಂದು ಶಾಂತಿಭಂಗದ ಪ್ರಶ್ನೆ ಎದ್ದರೆ ಕಡತ ಅಲ್ಲಿಗೇ ಹೋಗುತ್ತದೆ. 2022ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟ್, ವಾಣಿಜ್ಯ ಕಟ್ಟಡವನ್ನು ಆರಾಧನಾಲಯವಾಗಿ ಬದಲಿಸುವ ಕೋರಿಕೆಯ ಪ್ರಕರಣದಲ್ಲಿ, ಅನುಮತಿಯಿಲ್ಲದ ಆರಾಧನಾಲಯಗಳು ನಡೆಯದಂತೆ ನೋಡಿಕೊಳ್ಳಬೇಕೆಂದೂ, ಇಂಥ ಬದಲಾವಣೆಗೆ ಅನಿವಾರ್ಯ ಸಂದರ್ಭದಲ್ಲಿ ಮಾತ್ರ ಒಪ್ಪಿಗೆ ಕೊಡಬೇಕೆಂದೂ, ಹತ್ತಿರದ ಅದೇ ಬಗೆಯ ಆರಾಧನಾಲಯ ಎಷ್ಟು ದೂರದಲ್ಲಿದೆ ಎಂಬುದನ್ನು ಪರಿಗಣಿಸಬೇಕೆಂದೂ ಹೇಳಿತು. ಹೀಗಾಗಿ ಸಭಾಭವನವೆಂದು ಅನುಮತಿ ಪಡೆದು ಅದರಲ್ಲಿ ಪೂಜೆ ಆರಂಭಿಸುವ ಅಡ್ಡದಾರಿ ಬೇಡ. ಮೊದಲ ದಿನದಿಂದಲೇ ಇಗರ್ಜಿ ಎಂದೇ ಬರೆಯಿರಿ. ಬೇಳದಂತೆ 1890ರಷ್ಟು ಹಳೆಯ ಇಗರ್ಜಿ ಇದ್ದ ಜಾಗದಲ್ಲೇ ಪುನರ್ನಿರ್ಮಾಣ ಮಾಡುವವರಿಗೆ ಈ ಹೆಜ್ಜೆ ಹಗುರ. ಹೊಸ ಜಾಗಕ್ಕೆ ಹೋಗುವವರು ಯಾಕೆ ಹಳೆಯದು ಸಾಲದು ಎಂಬುದನ್ನು ಒಂದನೇ ಹೆಜ್ಜೆಯ ಎಣಿಕೆಯ ಕಾಗದದಿಂದ ತೋರಿಸಬೇಕು.

ಅರ್ಜಿ ಹಾಕುವ ಮೊದಲೇ ಸುತ್ತಲಿನ ಪ್ರತಿಯೊಂದು ಮನೆಗೂ ಹೋಗಿ. ವಿಗಾರರೊಬ್ಬರನ್ನೇ (ಇಗರ್ಜಿಯ ಧರ್ಮಗುರುಗಳನ್ನೇ) ಕಳುಹಿಸಬೇಡಿ, ಊರಿನವರಿಗೆ ಪರಿಚಯವಿರುವ ಇಬ್ಬರು ಹಿರಿಯರು ಜೊತೆಗಿರಲಿ. ದೇವಸ್ಥಾನದ ಆಡಳಿತ ಮೊಕ್ತೇಸರರನ್ನೂ ಮಸೀದಿಯ ಜಮಾಅತ್ ಸಮಿತಿಯವರನ್ನೂ ಭೇಟಿಯಾಗಿ, ಕೋಲದ ದಿನ, ಉರೂಸಿನ ದಿನ, ಜಾತ್ರೆಯ ದಿನ ಪರಸ್ಪರ ಪಾರ್ಕಿಂಗ್ ಜಾಗ ಬಿಟ್ಟುಕೊಡುವ ಮಾತಾಡಿ. ಧ್ವನಿವರ್ಧಕದ ವಿಷಯದಲ್ಲಿ ನೀವಾಗಿಯೇ ಲಿಖಿತ ಭರವಸೆ ಕೊಡಿ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಇದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಸಲ್ಲದು.

ಹೆಜ್ಜೆ 7: ಪಂಚಾಯತಿಗೆ ಅರ್ಜಿ

2025ರ ಏಪ್ರಿಲ್‌ನಿಂದ ಗ್ರಾಮ ಪಂಚಾಯತುಗಳಲ್ಲೂ ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕವೇ ಅರ್ಜಿ. ಪರವಾನಗಿ ಪಡೆದ ಇಂಜಿನಿಯರ್ ಅಥವಾ ಆರ್ಕಿಟೆಕ್ಟ್ ನಕ್ಷೆ ಸಲ್ಲಿಸುತ್ತಾರೆ. ಇಗರ್ಜಿ ‘ಡಿ’ ಗುಂಪಿನ ಕಟ್ಟಡ, ಅಂದರೆ ಜನ ಸೇರುವ ಕಟ್ಟಡ. ವಿಸ್ತೀರ್ಣ ಮಿತಿ ಮೀರಿದರೆ ಜಿಲ್ಲಾ ನಗರ ಯೋಜನಾಧಿಕಾರಿಯ ಒಪ್ಪಿಗೆಯೂ ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವೂ ಬೇಕಾಗುತ್ತವೆ. ನಿರ್ಮಿತ ಪ್ರದೇಶ 20,000 ಚದರ ಮೀಟರ್ ಮುಟ್ಟಿದರೆ ಪರಿಸರ ಅನುಮತಿ ಬೇಕು, ನಮ್ಮ ಹಳ್ಳಿಯ ಇಗರ್ಜಿಗಳು ಅಷ್ಟು ಬೆಳೆಯುವುದಿಲ್ಲ.

ಅರ್ಜಿದಾರರು ಯಾರು ಎಂಬಲ್ಲಿ ಅನೇಕರು ಎಡವುತ್ತಾರೆ. ಆಧಾರ ಧರ್ಮಪ್ರಾಂತ್ಯದ ಹೆಸರಿನಲ್ಲಿದ್ದು ಅರ್ಜಿ ವಿಗಾರರ ಸ್ವಂತ ಹೆಸರಿನಲ್ಲಿ ಹೋದರೆ ಕಡತ ವಾಪಸು ಬರುತ್ತದೆ. ಬಿಷಪರ ಕಚೇರಿಯಿಂದ ಅಧಿಕಾರಪತ್ರವನ್ನು ಮೊದಲೇ ಮಾಡಿಸಿ, ಆಧಾರ, ತೀರುವೆ ರಶೀದಿ, ಕೈವಶ ಪ್ರಮಾಣಪತ್ರ, ಅರ್ಜಿ ಈ ನಾಲ್ಕರಲ್ಲೂ ಹೆಸರು ಅಕ್ಷರಶಃ ಒಂದೇ ಇರುವಂತೆ ನೋಡಿ. ಕನ್ನಡದ ‘ಳ’ ಮಲಯಾಳಂ ದಾಖಲೆಯಲ್ಲಿ ‘ಲ’ ಆಗಿ ಸ್ಥಳನಾಮ ಬದಲಾದುದಕ್ಕೇ ನಮ್ಮ ಕಡತ ಒಂದು ಸಲ ತಿರುಗಿ ಬಂದಿತ್ತು.

ಭಾಷೆಯ ಹಕ್ಕನ್ನು ಬಳಸಿಕೊಳ್ಳಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ಅನುಮತಿಗೆ ಹಾಕಿದ ಷರತ್ತುಗಳನ್ನು ಸಮಿತಿಯ ಎಲ್ಲರೂ ಓದಿ ತಿಳಿಯಬೇಕಾದರೆ ಅವು ಕನ್ನಡದಲ್ಲಿರಬೇಕು. ಆದರೆ ನಕ್ಷೆಯ ಜೊತೆಗಿನ ತಾಂತ್ರಿಕ ಕಾಗದಗಳ ಮಲಯಾಳಂ ಪ್ರತಿಯನ್ನೂ ನೀವೇ ಕೊಟ್ಟರೆ ಕಡತ ಮೇಜಿನಿಂದ ಮೇಜಿಗೆ ಬೇಗ ಸಾಗುತ್ತದೆ.

ಸಭಾಭವನ ಮತ್ತು ಧರ್ಮಗುರುಗಳ ನಿವಾಸ ಮುಂದಿನ ಹಂತಕ್ಕಿದ್ದರೂ ಈಗಲೇ ಸೈಟ್ ಪ್ಲಾನಿನಲ್ಲಿ ತೋರಿಸಿ. ಸ್ಮಶಾನ ಮಾತ್ರ ಬೇರೆಯೇ ವಿಷಯ. ಅದಕ್ಕೆ 1998ರ ಪಂಚಾಯತು ಸ್ಮಶಾನ ನಿಯಮಗಳಡಿ ಪ್ರತ್ಯೇಕ ಅನುಮತಿ ಬೇಕು, ಇಗರ್ಜಿಗೆ ಒಪ್ಪಿದ ನೆರೆಯವರು ಸ್ಮಶಾನಕ್ಕೆ ಒಪ್ಪದಿರಬಹುದು. ಹಳೆಯ ಸ್ಮಶಾನವನ್ನೇ ಉಳಿಸಿಕೊಳ್ಳಲು ಸಾಧ್ಯವಾದರೆ ಹಾಗೆಯೇ ಮಾಡಿ.

ಹೆಜ್ಜೆ 8: ತಿರಸ್ಕಾರ ಬಂದರೆ, ಅನುಮತಿ ಬಂದರೆ

ಪಂಚಾಯತು ಕಾರ್ಯದರ್ಶಿ ಅರ್ಜಿ ತಿರಸ್ಕರಿಸುವುದಾದರೆ ಕಾರಣಗಳನ್ನು ಬರೆದು ಕೊಡಬೇಕು. ‘ಊರಿನವರ ವಿರೋಧ’ ಎಂಬ ಒಂದೇ ಸಾಲು ಇದ್ದರೆ, ಯಾವ ನಿಯಮದ ಉಲ್ಲಂಘನೆ ಎಂದು ಲಿಖಿತವಾಗಿ ಕೇಳಿ. ಗಡುವಿನೊಳಗೆ ತೀರ್ಮಾನವಾಗದಿದ್ದರೆ ಪಂಚಾಯತು ಸಮಿತಿಯ ಮುಂದೆ ಬರೆದು ಕೇಳುವ ಹಕ್ಕಿದೆ. ಅದರ ಮೇಲೆ ತಿರುವನಂತಪುರದಲ್ಲಿ ಸ್ಥಳೀಯಾಡಳಿತ ಸಂಸ್ಥೆಗಳ ಟ್ರಿಬ್ಯೂನಲ್ ಇದೆ, ಕೊನೆಗೆ ಹೈಕೋರ್ಟ್. ತಿರಸ್ಕಾರದ ಕಾರಣ ನೀರು, ದಾರಿ ಅಥವಾ ಪಾರ್ಕಿಂಗ್ ಆಗಿದ್ದರೆ ಮೊಕದ್ದಮೆಗಿಂತ ನಕ್ಷೆ ತಿದ್ದುವುದು ಬೇಗ ಮುಗಿಯುತ್ತದೆ.

ಅನುಮತಿ ಸಿಕ್ಕಿದ ಮೇಲೆ ಅದರ ಪ್ರತಿಯನ್ನೂ ಷರತ್ತುಗಳ ಪಟ್ಟಿಯನ್ನೂ ಕೆಲಸದ ಜಾಗದಲ್ಲೇ ಇಡಿ. ಗೋಪುರ ಎತ್ತರಿಸುವ ಅಥವಾ ಬಾಲ್ಕನಿ ಸೇರಿಸುವ ಆಲೋಚನೆ ನಡುವೆ ಬಂದರೆ ಪರಿಷ್ಕೃತ ನಕ್ಷೆಗೆ ಅನುಮತಿ ಪಡೆದ ಮೇಲೆಯೇ ಕೆಲಸ ಮುಂದುವರಿಸಿ. ಕಟ್ಟಡ ಮುಗಿದಾಗ ಪಂಚಾಯತಿನಿಂದ ವಾಸಯೋಗ್ಯತಾ ಪ್ರಮಾಣಪತ್ರ ಸಿಗುವವರೆಗೆ ಆಶೀರ್ವಚನದ ತಾರೀಕು ನಿಗದಿಪಡಿಸಬೇಡಿ, ಬಿಷಪರಿಗೆ ಆಮಂತ್ರಣವೂ ಹೋಗದಿರಲಿ. ನಮ್ಮ ಇಗರ್ಜಿಯ ತಪಾಸಣೆಗೆ ಬಂದವರು ಪೀಠವನ್ನಾಗಲಿ ಗೋಪುರವನ್ನಾಗಲಿ ಹೆಚ್ಚು ಹೊತ್ತು ನೋಡಲಿಲ್ಲ. ಹಿಂಬದಿಗೆ ಹೋಗಿ ಇಂಗುಗುಂಡಿಯ ಮುಚ್ಚಳ ತೆಗೆಸಿ, ಮಾಡಿನ ಕೊಳವೆ ನಿಜವಾಗಿಯೂ ಅದಕ್ಕೆ ಸೇರಿದೆಯೇ ಎಂದು ಒಂದು ಕೊಡ ನೀರು ಸುರಿಸಿ ನೋಡಿದರು.